ಡಿಗ್ರಿ ಮುಗಿಯೋಕೆ ಇನ್ನೇನು ಬಾಕಿ?

ಎರಡು ಸಂಚಿಕೆ ಹಿಂದೆ ಒಬ್ಬರಿಗೆ ಉತ್ತರ ಬರೆಯುವಾಗ, ‘ಅರ್ಧಕ್ಕೆ ನಿಂತ ಬಿಎ ಇದ್ದರೆ ಮೊದಲು ಮಾರ್ಕ್ಸ್ ಕಾರ್ಡ್ ಹುಡುಕಿ, ಆಮೇಲೆ ನನಗೆ ಬರೆಯಿರಿ’ ಅಂದಿದ್ದೆ. ಅಂದಿದ್ದೇ ತಡ, ಪತ್ರಗಳು ಬರತೊಡಗಿದವು. ಕೆಲವರು ಜೆರಾಕ್ಸ್ ಇಟ್ಟಿದ್ದಾರೆ. ಒಬ್ಬ ಮಹಾರಾಯರು ಒರಿಜಿನಲ್ಲನ್ನೇ ಕವರಿಗೆ ಹಾಕಿ ಕಳಿಸಿದ್ದಾರೆ! ಅದನ್ನು ಸ್ಪೀಡ್ ಪೋಸ್ಟಿನಲ್ಲಿ ವಾಪಸ್ ಹಾಕಿದ್ದೇನೆ. ಇನ್ನು ಮುಂದೆ ದಯವಿಟ್ಟು ಹಾಗೆ ಮಾಡಬೇಡಿ.

ಹೊಸ ಓದುಗರಿಗೆ ಒಂದು ಮಾತು. ನಾನು ಪದವಿ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಗುಮಾಸ್ತೆಯಾಗಿ ಸೇರಿ, ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು. ಭಾನುವಾರ ಅದೇ ಕಟ್ಟಡದಲ್ಲಿ ನಡೆಯುತ್ತಿದ್ದ ದೂರಶಿಕ್ಷಣ ಕೇಂದ್ರದ ಕೆಲಸವನ್ನೂ ನೋಡಿಕೊಳ್ಳುತ್ತಿದ್ದೆ. ಪಾಠ ಮಾಡಿದವಳಲ್ಲ. ಯಾವ ವಿಷಯ ಓದಿದರೆ ಒಳ್ಳೆಯದು ಅಂತ ನನ್ನನ್ನು ಕೇಳಬೇಡಿ. ನಿಮ್ಮ ಡಿಗ್ರಿ ಯಾವ ಕಾಗದದಲ್ಲಿ ಸಿಕ್ಕಿಕೊಂಡಿದೆ ಅಂತ ಕೇಳಿ, ಹೇಳುತ್ತೇನೆ.

ಪ್ರಶ್ನೆ: ಮೇಡಂ, ನಾನು ಜುಲೈ 2021ಕ್ಕೆ ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿವಿ) ಬಿಎ ಜನರಲ್ ಸೇರಿದೆ. ಇತಿಹಾಸ ಮತ್ತು ಸಮಾಜಶಾಸ್ತ್ರ, ಇಂಗ್ಲಿಷ್ ಮಾಧ್ಯಮ. ಎಲ್ಲಾ ಮುಗಿಯಿತು ಅಂದುಕೊಂಡು ಮನೆಯಲ್ಲಿ ಸಿಹಿಯನ್ನೂ ಮಾಡಿದೆ. ಆದರೆ ಗ್ರೇಡ್ ಕಾರ್ಡಿನಲ್ಲಿ 118 ಕ್ರೆಡಿಟ್ ಅಷ್ಟೇ ತೋರಿಸುತ್ತಿದೆ. ಮೂರು ಕಡೆ ‘ನಾಟ್ ಕಂಪ್ಲೀಟೆಡ್’ ಅಂತಿದೆ. ಅದರಲ್ಲಿ ಒಂದಕ್ಕೆ ಪರೀಕ್ಷೆಯಲ್ಲಿ 52 ಬಂದಿದೆ! 52 ಬಂದರೂ ಪಾಸಲ್ಲವೇ? ನನಗೆ ಇನ್ನೆಷ್ಟು ಬಾಕಿ, ಸಮಯ ಇದೆಯಾ?
— ಗೃಹಿಣಿ, ಅರಸೀಕೆರೆ

ಉತ್ತರ: ಸಿಹಿ ಮಾಡಿದ್ದು ತಪ್ಪೇನಿಲ್ಲ. ನಿಮ್ಮದು ಮುಗಿಯೋಕೆ ಬಂದ ಡಿಗ್ರಿಯೇ. ಜೆರಾಕ್ಸ್ ನೋಡಿದೆ. ಲೆಕ್ಕ ಹೀಗಿದೆ.

ನೀವು ಸೇರಿದ ಯೋಜನೆಯಲ್ಲಿ ಬಿಎ ಜನರಲ್‌ಗೆ ಒಟ್ಟು 132 ಕ್ರೆಡಿಟ್ ಬೇಕು. ಕ್ರೆಡಿಟ್ ಅಂದರೆ ಒಂದು ಕೋರ್ಸಿನ ಓದಿಗೆ ಇಟ್ಟ ತೂಕ. ಅದು ಬಗೆಬಗೆಯ ಪಾಲಾಗಿ ಹಂಚಿಹೋಗಿದೆ. ನಿಮ್ಮ ಎರಡು ಮುಖ್ಯ ವಿಷಯಗಳಲ್ಲಿ ತಲಾ ನಾಲ್ಕು ಕೋರ್ಸ್, ಒಂದೊಂದಕ್ಕೆ 6 ಕ್ರೆಡಿಟ್, ಅಲ್ಲಿಗೆ 48. ಭಾಷೆಗಳಿಗೆ ನಾಲ್ಕು ಕೋರ್ಸ್, 24. ಮುಖ್ಯ ವಿಷಯಗಳಲ್ಲೇ ಆರಿಸಿಕೊಳ್ಳುವ ಐಚ್ಛಿಕ ಕೋರ್ಸ್ ನಾಲ್ಕು, ಅದೂ 24. ಬೇರೆ ವಿಷಯದ್ದು ಎರಡು ತೆಗೆದುಕೊಳ್ಳಬೇಕು, ಅದನ್ನು ಜನರಿಕ್ ಎಲೆಕ್ಟಿವ್ ಅನ್ನುತ್ತಾರೆ, 12. ಇವಿಷ್ಟೂ ದೊಡ್ಡವು. ಉಳಿದದ್ದು 4 ಕ್ರೆಡಿಟ್ಟಿನ ಸಣ್ಣವು: ಪರಿಸರ ಅಧ್ಯಯನ ಮತ್ತು ಸಂವಹನ ಭಾಷೆ ಸೇರಿ 8, ಕೌಶಲ್ಯದ ಕೋರ್ಸ್ ನಾಲ್ಕು ಸೇರಿ 16. ಕೂಡಿಸಿ ನೋಡಿ, 132 ಆಗುತ್ತದೆ.

ನಿಮಗೆ ಬಾಕಿ 14. ಅದು ಎಲ್ಲಿದೆ ಅಂದರೆ, ಒಂದು ಜನರಿಕ್ ಎಲೆಕ್ಟಿವ್ (6), ಒಂದು ಕೌಶಲ್ಯದ ಕೋರ್ಸ್ (4), ಪರಿಸರ ಅಧ್ಯಯನ (4). ನಾನು ಕೆಲಸದಲ್ಲಿದ್ದಾಗ ನೋಡಿದ್ದೂ ಇದೇ. ಇತಿಹಾಸದಲ್ಲಿ ಸಿಕ್ಕಿಬಿದ್ದವರು ಕಡಿಮೆ. ಅಶೋಕ, ಅಕ್ಬರ್ ಎಲ್ಲರನ್ನೂ ದಾಟಿ ಬಂದು, ಕೊನೆಗೆ 4 ಕ್ರೆಡಿಟ್ಟಿನ ಕೋರ್ಸಿನ ಮುಂದೆ ವರ್ಷಗಟ್ಟಲೆ ಕೂತವರೇ ಜಾಸ್ತಿ. ‘ಅದೇನು ಬಿಡಿ, ಸಣ್ಣ ಪೇಪರ್’ ಅಂತ ಮುಂದಕ್ಕೆ ಹಾಕಿರುತ್ತಾರೆ. ಹಳೆಯ ಬಿಡಿಪಿ ಕಾಲದಲ್ಲಿ, ಅಂದರೆ 96 ಕ್ರೆಡಿಟ್ಟಿನ ಪದವಿ ಇದ್ದಾಗ, ವಿಜ್ಞಾನ–ತಂತ್ರಜ್ಞಾನದ ಫೌಂಡೇಶನ್ ಕೋರ್ಸ್ ಒಂದಿತ್ತು, ಎಫ್‌ಎಸ್‌ಟಿ-1 ಅಂತ. ಕಲಾ ವಿಭಾಗದವರಿಗೂ ಕಡ್ಡಾಯ. ಅದರ ಹೆಸರು ಕೇಳಿದರೆ ಸಾಕು, ನಮ್ಮ ಕೇಂದ್ರಕ್ಕೆ ಬರುತ್ತಿದ್ದ ಟೀಚರುಗಳು, ಕಂಡಕ್ಟರುಗಳು ಮುಖ ಹಿಂಡುತ್ತಿದ್ದರು.

ಈಗ ನಿಮ್ಮ 52ರ ವಿಚಾರ. ಅದು ಕೌಶಲ್ಯದ ಕೋರ್ಸು. ಪರೀಕ್ಷೆ ಪಾಸಾಗಿದೆ, ಅಸೈನ್‌ಮೆಂಟಿನ ಜಾಗ ಖಾಲಿ ಇದೆ. ಇಗ್ನೋದಲ್ಲಿ ಅಸೈನ್‌ಮೆಂಟಿಗೆ ನೂರಕ್ಕೆ 30 ಭಾಗ, ಪರೀಕ್ಷೆಗೆ 70 ಭಾಗ. ಪದವಿಯಲ್ಲಿ ಎರಡರಲ್ಲೂ ಬೇರೆಬೇರೆಯಾಗಿ 35 ಬರಬೇಕು. ಒಂದು ಇನ್ನೊಂದನ್ನು ಎತ್ತಿ ಹಿಡಿಯುವುದಿಲ್ಲ. ಆದ್ದರಿಂದ ನೀವು ಪರೀಕ್ಷೆಯಲ್ಲಿ 92 ತೆಗೆದಿದ್ದರೂ ಆ ಕೋರ್ಸ್ ಮುಗಿಯುತ್ತಿರಲಿಲ್ಲ. ಪರೀಕ್ಷೆ ಮತ್ತೆ ಬರೆಯಬೇಕಾಗಿಲ್ಲ. ಅಸೈನ್‌ಮೆಂಟ್ ಬರೆದು ಕೊಟ್ಟರೆ ಸಾಕು. ನೀವು ಕೊಟ್ಟೇ ಇದ್ದೀರಿ ಅನ್ನುವುದಾದರೆ ರಸೀದಿ ಹುಡುಕಿ.

ಜನರಿಕ್ ಎಲೆಕ್ಟಿವ್ ಇದಕ್ಕೆ ಉಲ್ಟಾ. ಅಸೈನ್‌ಮೆಂಟಿಗೆ 70 ಬಂದಿದೆ, ಪರೀಕ್ಷೆಯಲ್ಲಿ 31. ನೀವು ಪತ್ರದ ಅಂಚಿನಲ್ಲಿ ಲೆಕ್ಕ ಮಾಡಿದ್ದೀರಿ: 70ರಲ್ಲಿ ಶೇ 30 ಅಂದರೆ 21, 31ರಲ್ಲಿ ಶೇ 70 ಅಂದರೆ 21.7, ಒಟ್ಟು 42.7, ಹಾಗಾದರೆ ಪಾಸು ಅಲ್ವಾ ಅಂತ. ಲೆಕ್ಕ ಸರಿ, ನಿಯಮ ಬೇರೆ. ಪರೀಕ್ಷೆಯ 35 ದಾಟಿಲ್ಲವಲ್ಲ. ಅದೊಂದನ್ನು ಮತ್ತೆ ಬರೆಯಿರಿ. ಅಸೈನ್‌ಮೆಂಟಿನ 70 ಹಾಗೇ ಉಳಿಯುತ್ತದೆ. ಪರಿಸರ ಅಧ್ಯಯನದಲ್ಲಿ ಅಸೈನ್‌ಮೆಂಟ್ ಆಗಿದೆ, ಪರೀಕ್ಷೆಗೆ ನೀವು ಕೂತೇ ಇಲ್ಲ. ಹಾಗಾಗಿ ಒಟ್ಟು ಎರಡು ಪರೀಕ್ಷೆ, ಒಂದು ಅಸೈನ್‌ಮೆಂಟ್. ಇಷ್ಟೇ ನಿಮ್ಮ ಬಾಕಿ.

ಇನ್ನೊಂದು ಕೇಳಿದ್ದೀರಿ, ಸಮಾಜಶಾಸ್ತ್ರದಲ್ಲಿ ಇಷ್ಟವಾದ ಒಂದು ಹೆಚ್ಚಿನ ಕೋರ್ಸ್ ಮಾಡಿ ಈ 6 ಕ್ರೆಡಿಟ್ ತುಂಬಿಸಬಹುದೇ ಅಂತ. ಆಗುವುದಿಲ್ಲ. ಪಾಯಸ ಎರಡು ಸಲ ಹಾಕಿಸಿಕೊಂಡರೆ ಎಲೆಯಲ್ಲಿ ಅನ್ನದ ಜಾಗ ತುಂಬುತ್ತದೆಯೇ? ಪ್ರತಿ ಪಾಲೂ ಅದರದರ ಜಾಗದಲ್ಲೇ ತುಂಬಬೇಕು.

ಸಮಯ ಇದೆ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಜುಲೈ 2021ಕ್ಕೆ ಸೇರಿದವರಿಗೆ 2027ರ ಜೂನ್ ಪರೀಕ್ಷೆವರೆಗೂ ದಾರಿ ಇದೆ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್. ಆರು ವರ್ಷ ದಾಟಿದರೂ ಮರುಪ್ರವೇಶ ಅಂತ ಒಂದು ಇದೆ, ಬಾಕಿ ಇರುವ ಒಂದೊಂದು ಕೋರ್ಸಿಗೂ ಪ್ರತ್ಯೇಕ ಶುಲ್ಕ ಕಟ್ಟಬೇಕು. ಅಲ್ಲಿಯವರೆಗೆ ಎಳೆಯಬೇಡಿ.

ಅಸೈನ್‌ಮೆಂಟ್ ಬಗ್ಗೆ ಎರಡು ಮಾತು. ಕೈಬರಹದಲ್ಲೇ ಇರಬೇಕು, ಟೈಪ್ ಮಾಡಿಸಿದ್ದು ನಡೆಯುವುದಿಲ್ಲ. ಆಯಾ ವರ್ಷಕ್ಕೆ ಪ್ರಕಟವಾದ ಪ್ರಶ್ನೆಗಳನ್ನೇ ಬರೆಯಬೇಕು. ಎಷ್ಟೋ ಜನ ಹಿಂದಿನ ವರ್ಷದ ಪ್ರಶ್ನೆಗೆ ಮುತ್ತಿನಂಥ ಅಕ್ಷರದಲ್ಲಿ ಉತ್ತರ ಬರೆದು ತಂದು, ಕೌಂಟರಿನ ಮುಂದೆ ಕಣ್ಣೀರು ಹಾಕಿದ್ದಾರೆ. ಕೊಟ್ಟ ಮೇಲೆ ರಸೀದಿ ಇಲ್ಲದೆ ಹೊಸಿಲು ದಾಟಬೇಡಿ. ಪೂರ್ತಿ ಒಂದು ಜೆರಾಕ್ಸ್ ಮನೆಯಲ್ಲಿರಲಿ. ಬಾಯಿಮಾತಿನಲ್ಲಿ ‘ಕೊಟ್ಟಿದ್ದೆ ಸಾರ್’ ಅಂದರೆ ಯಾವ ಕಚೇರಿಯೂ ಕೇಳುವುದಿಲ್ಲ, ನಾವೂ ಕೇಳುತ್ತಿರಲಿಲ್ಲ.

ಪ್ರಶ್ನೆ: ಅಕ್ಕಾ, ನಾನು 2004ರಲ್ಲಿ ಹಾಸನ ಜಿಲ್ಲೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಬಿಎ, ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ). ಕೊನೆಯ ವರ್ಷದಲ್ಲಿ ಎರಡು ಪೇಪರ್ ಉಳಿಯಿತು. ಅಪ್ಪ ತೀರಿಕೊಂಡರು, ತೋಟ ನೋಡಿಕೊಳ್ಳಲು ಬಂದುಬಿಟ್ಟೆ. ಈಗ ಹಾಸನದಲ್ಲೇ ವಿಶ್ವವಿದ್ಯಾಲಯ ಆಗಿದೆಯಂತೆ. ಅಲ್ಲಿ ಹೋಗಿ ಆ ಎರಡು ಪೇಪರ್ ಕಟ್ಟಬಹುದೇ? ಬೆಂಗಳೂರಿನಲ್ಲಿ ಒಬ್ಬರು, ‘ದುಡ್ಡು ಕೊಡಿ, ಆರು ತಿಂಗಳಲ್ಲಿ ಡಿಗ್ರಿ ಕೈಗೆ ಕೊಡಿಸ್ತೀನಿ’ ಅಂದಿದ್ದಾರೆ.
— ಕೃಷಿಕ, ಹೊಳೆನರಸೀಪುರ

ಉತ್ತರ: ಮೊದಲು ಆ ಬೆಂಗಳೂರಿನವರ ನಂಬರ್ ಫೋನಿಂದ ಅಳಿಸಿ. ಆರು ತಿಂಗಳಲ್ಲಿ ಕೈಗೆ ಬರುವುದು ಕಾಗದ ಮಾತ್ರ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ತನ್ನ ವೆಬ್‌ಸೈಟಿನಲ್ಲಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ಹಾಕುತ್ತದೆ. ನಮ್ಮ ಬೆಳಗಾವಿ ಜಿಲ್ಲೆ ಗೋಕಾಕದ ವಿಳಾಸದ ಒಂದು ಹೆಸರು ಆ ಪಟ್ಟಿಯಲ್ಲಿ ವರ್ಷಗಳಿಂದ ಇದೆ. ಅಂಥ ಕಾಗದ ಹಿಡಿದು ನೌಕರಿಗೆ ಹೋದರೆ, ದಾಖಲೆ ಪರಿಶೀಲನೆಯ ದಿನ ನೌಕರಿಯೂ ಹೋಗುತ್ತದೆ, ಮೇಲಿಂದ ಕೇಸೂ ಬೀಳುತ್ತದೆ.

ಹಾಸನ ವಿಶ್ವವಿದ್ಯಾಲಯ ಶುರುವಾಗಿದ್ದು ಮೊನ್ನೆ ಮೊನ್ನೆ. ಚಾಮರಾಜನಗರ, ಕೊಡಗು, ಹಾವೇರಿ, ಬಾಗಲಕೋಟೆ, ಕೊಪ್ಪಳ, ಬೀದರ್ ಇವುಗಳ ಜೊತೆಗೇ ಬಂದದ್ದು. ನೀವು ಓದಿದ್ದು ಮೈಸೂರು ವಿಶ್ವವಿದ್ಯಾಲಯದ ಅಡಿಯಲ್ಲಿ. ಮಾರ್ಕ್ಸ್ ಕಾರ್ಡಿನ ತಲೆಯ ಮೇಲೆ ಯಾರ ಹೆಸರಿದೆಯೋ ಅವರೇ ನಿಮ್ಮ ಬಾಕಿ ಪೇಪರಿಗೆ ಉತ್ತರ ಹೇಳಬೇಕು. ಕಾಲೇಜು ಈಗ ಯಾರ ಕೆಳಗಿದ್ದರೂ ಸರಿ. ತುಮಕೂರಿನವರು, ದಾವಣಗೆರೆಯವರು, ಬಳ್ಳಾರಿಯವರು, 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಭಾಗವಾದಾಗ ಅಲ್ಲಿದ್ದವರು, ಎಲ್ಲರದೂ ಇದೇ ಗೊಂದಲ. ಹಾಗಾಗಿ ಮೈಸೂರು ವಿಶ್ವವಿದ್ಯಾಲಯದ ಕಚೇರಿ ಇರುವ ಕ್ರಾಫರ್ಡ್ ಹಾಲಿಗೆ ಒಂದು ಅರ್ಜಿ, ಜೊತೆಗೆ ಎಲ್ಲಾ ಮಾರ್ಕ್ಸ್ ಕಾರ್ಡಿನ ಪ್ರತಿ. ಅರ್ಜಿಯಲ್ಲಿ ಎರಡೇ ಪ್ರಶ್ನೆ ಕೇಳಿ. ನನ್ನ ನೋಂದಣಿ ಸಂಖ್ಯೆ ಇನ್ನೂ ಜೀವಂತ ಇದೆಯೇ? ಈ ಎರಡು ಪೇಪರಿಗೆ ಈಗಿನ ಸಿಲಬಸ್ಸಿನಲ್ಲಿ ಸಮಾನವಾದ ಪೇಪರ್ ಯಾವುದು?

ಕಟು ಮಾತು ಹೇಳಿಬಿಡುತ್ತೇನೆ. ಕೋರ್ಸಿನ ಅವಧಿಯ ದುಪ್ಪಟ್ಟು ಮುಗಿದ ಮೇಲೆ ಬಾಗಿಲು ಮುಚ್ಚುವುದು ನಮ್ಮ ಕಡೆ ಸಾಮಾನ್ಯ ಪದ್ಧತಿ. ನಿಮಗೆ ಇಪ್ಪತ್ತು ವರ್ಷವೇ ಆಗಿದೆ. ಆಗಾಗ ವಿಶ್ವವಿದ್ಯಾಲಯಗಳು ‘ಹಳೆಯ ವಿದ್ಯಾರ್ಥಿಗಳಿಗೆ ಒಂದು ಬಾರಿಯ ವಿಶೇಷ ಅವಕಾಶ’ ಅಂತ ಸುತ್ತೋಲೆ ಹೊರಡಿಸುತ್ತವೆ. ಪೇಪರಿನ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಅದು ಸಿಕ್ಕರೆ ಎರಡೇ ಪೇಪರಿನಲ್ಲಿ ನಿಮ್ಮ ಕೆಲಸ ಆಯಿತು. ಅದನ್ನೇ ನಂಬಿ ಕೂರಬೇಡಿ. ಈ ವರ್ಷ ಉತ್ತರ ಬರದಿದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಬಿಎ ಸೇರಿ. ಕನ್ನಡ ಮಾಧ್ಯಮ ಅಲ್ಲಿದೆ. ಇಗ್ನೋದ ಬಿಎ ಮುಖ್ಯವಾಗಿ ಇಂಗ್ಲಿಷ್, ಹಿಂದಿಯಲ್ಲಿ. ತೋಟದ ಕೆಲಸ ಮುಗಿಸಿ ರಾತ್ರಿ ಓದುವವರಿಗೆ ಭಾಷೆ ದೊಡ್ಡ ವಿಷಯ. ಮೂರು ವರ್ಷ ಹೆಚ್ಚಾಯಿತು ಅನ್ನಿಸಬಹುದು. ಎರಡು ಪೇಪರಿಗೆ ಕಾದೇ ಇಪ್ಪತ್ತು ವರ್ಷ ಕಳೆದಿದ್ದೀರಲ್ಲ.

ಒಂದು ಎಚ್ಚರ. ಎಸ್ಸೆಸ್ಸೆಲ್ಸಿ, ಪಿಯುಸಿ, ಆಧಾರ್ ಮೂರರಲ್ಲೂ ನಿಮ್ಮ ಹೆಸರು ಒಂದೇ ಥರ ಇದೆಯಾ ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ‘ಗೌಡ’ ಸೇರಿದೆ ಅಂದರೆ ಸೇರುವ ಮೊದಲೇ ಸರಿಪಡಿಸಿ. ಈಗ ದೂರಶಿಕ್ಷಣಕ್ಕೆ ಸೇರುವವರು ಯುಜಿಸಿಯ ಡೆಬ್ (ದೂರಶಿಕ್ಷಣ ಬ್ಯೂರೋ) ಐಡಿ ಮಾಡಿಸಿಕೊಳ್ಳಬೇಕು, ಅದಕ್ಕೆ ಕ್ರೆಡಿಟ್ ಬ್ಯಾಂಕಿನ ಎಬಿಸಿ ಐಡಿ ಬೇಕು, ಅದಕ್ಕೆ ಆಧಾರ್ ಬೇಕು. ಒಂದು ಕೊಂಡಿ ತಪ್ಪಿದರೆ ಮುಂದಿನದು ತೆರೆಯುವುದಿಲ್ಲ.

ಪ್ರಶ್ನೆ: ನಮ್ಮ ಮಾವನವರು ‘ಮುಕ್ತ ವಿವಿ ಡಿಗ್ರಿಗೆ ಬೆಲೆ ಇಲ್ಲ, ಮಾನ್ಯತೆ ಹೋಗಿತ್ತು’ ಅನ್ನುತ್ತಾರೆ. ನಿಜವೇ?
— ಅಂಗನವಾಡಿ ಕಾರ್ಯಕರ್ತೆ, ಕಡೂರು

ಉತ್ತರ: ಮಾವನವರು ಅರ್ಧ ಪೇಪರ್ ಓದಿದ್ದಾರೆ. 2013-14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, ಆಗ ಸೇರಿದವರು ಪಟ್ಟ ಪಾಡು ನಾನೂ ಕಂಡಿದ್ದೇನೆ. 2018ರಲ್ಲಿ ಮಾನ್ಯತೆ ಮರಳಿತು. ಈಗ ಸೇರುವವರಿಗೆ ಆ ಭಯ ಬೇಡ. ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಅಂತ 2022ರ ಸೆಪ್ಟೆಂಬರಿನಲ್ಲಿ ಯುಜಿಸಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಮಾನ್ಯತೆ ಇದೆಯಾ ಅಂತ ಯುಜಿಸಿಯ ದೂರಶಿಕ್ಷಣ ಬ್ಯೂರೋ ಪಟ್ಟಿಯಲ್ಲಿ ನೋಡಿ. ಆ ಪುಟವನ್ನು ಪ್ರಿಂಟ್ ತೆಗೆದು ಫೈಲಿನಲ್ಲಿಡಿ. ಒಂದು ಪ್ರತಿ ಮಾವನವರಿಗೂ ಕೊಡಿ.

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿ ಪಾಸ್, ಪಿಯುಸಿ ಮಾಡಿಲ್ಲ. ಹೋಟೆಲಿನಲ್ಲಿ ಸಪ್ಲೈಯರ್. ನೇರವಾಗಿ ಡಿಗ್ರಿ ಮಾಡಿ ಲಾ ಓದುವ ಆಸೆ.
— ಕುಂದಾಪುರದಿಂದ ಒಬ್ಬರು

ಉತ್ತರ: ಪಿಯುಸಿಯನ್ನು ಹಾರಿ ಹೋಗಬೇಡಿ. ಅದಿಲ್ಲದೆ ಯಾರಾದರೂ ಡಿಗ್ರಿ ಕೊಟ್ಟರೂ ಲಾ ಕಾಲೇಜಿನ ಬಾಗಿಲಲ್ಲಿ ನಿಲ್ಲಿಸುತ್ತಾರೆ. ಹತ್ತು, ಹನ್ನೆರಡು, ಆಮೇಲೆ ಪದವಿ, ಈ ಕ್ರಮ ಬಾರ್ ಕೌನ್ಸಿಲ್ ನಿಯಮದಲ್ಲೇ ಇದೆ. ಖಾಸಗಿ ಅಭ್ಯರ್ಥಿಯಾಗಿ ಪಿಯುಸಿ ಕಲಾ ವಿಭಾಗ ಕಟ್ಟಿ, ಇಲ್ಲವೇ ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್‌ನಲ್ಲಿ ಹನ್ನೆರಡನೆಯದು ಮಾಡಿ. ಮೂರು ವರ್ಷದ ಎಲ್‌ಎಲ್‌ಬಿಗೆ ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇ 45 ಬೇಕು, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40. ಸುಮ್ನೆ ಪಾಸಾದರೆ ಸಾಲದು, ಬಿಎ ಓದುವಾಗಲೇ ಇದು ತಲೆಯಲ್ಲಿರಲಿ.

ಪ್ರಶ್ನೆ: ಮೇಡಂ, ನಾನು 2023-24ರಲ್ಲಿ ಬಿಎ ಸೇರಿದವಳು, ಎನ್‌ಇಪಿಯ (ರಾಷ್ಟ್ರೀಯ ಶಿಕ್ಷಣ ನೀತಿ) ಕೊನೇ ಬ್ಯಾಚ್. ನಮ್ಮ ಜೂನಿಯರ್‌ಗಳಿಗೆ ಮತ್ತೆ ಮೂರೇ ವರ್ಷ. ನಮಗೆ ನಾಲ್ಕನೇ ವರ್ಷ ಮಾಡದಿದ್ದರೆ ಡಿಗ್ರಿ ಪೂರ್ತಿ ಅಲ್ಲವಂತೆ, ಹೌದಾ? ಮೊದಲ ವರ್ಷದ ಡಿಜಿಟಲ್ ಫ್ಲುಯೆನ್ಸಿ ಪೇಪರ್ ಒಂದು ಉಳಿದಿದೆ.
— ವಿದ್ಯಾರ್ಥಿನಿ, ತುಮಕೂರು

ಉತ್ತರ: ಯಾರು ಹೇಳಿದರೋ ಅವರ ಮಾತು ನಂಬಬೇಡಿ. ಮೂರು ವರ್ಷ ಮುಗಿಸಿದರೆ ನಿಮಗೆ ಸಿಗುವುದು ಪೂರ್ತಿ ಬಿಎ. ಕರ್ನಾಟಕದಲ್ಲಿ 2021-22ರಲ್ಲಿ ಎನ್‌ಇಪಿ ಬಂತು, 2024-25ರಿಂದ ಸರ್ಕಾರ ಮೂರು ವರ್ಷದ ಪದ್ಧತಿಗೆ ಮರಳಿತು. ನಡುವೆ ಸೇರಿದ ಮೂರು ಬ್ಯಾಚಿಗೆ ಎನ್‌ಇಪಿ ನಿಯಮವೇ ಮುಂದುವರಿಯುತ್ತದೆ, ನಾಲ್ಕನೇ ವರ್ಷ ಬೇಕಾದವರಿಗೆ ಮಾತ್ರ. ಬಿಎಡ್, ಬ್ಯಾಂಕ್ ಪರೀಕ್ಷೆ, ಕೆಎಎಸ್ ಯಾವುದಕ್ಕೂ ಆನರ್ಸ್, ಅಂದರೆ ನಾಲ್ಕು ವರ್ಷದ ಪದವಿ, ಕೇಳುವುದಿಲ್ಲ. ಎಂಎ ಬೇಡ, ನೇರ ಸಂಶೋಧನೆಗೆ ಹೋಗಬೇಕು ಅನ್ನುವವರಿಗೆ ನಾಲ್ಕನೇ ವರ್ಷ ಪ್ರಯೋಜನ. ಅಲ್ಲೂ ಶೇ 75 ಬಂದಿರಬೇಕು. ನೀವು ಟೀಚರ್ ಆಗಬೇಕು ಅಂತ ಬರೆದಿದ್ದೀರಿ. ಹಾಗಾದರೆ ಆ ಒಂದು ವರ್ಷವನ್ನು ಬಿಎಡ್‌ಗೆ ಇಟ್ಟುಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮ ಪತ್ರದ ಕೊನೆಯ ಸಾಲೇ ನನಗೆ ಹೆಚ್ಚು ಆತಂಕ ತಂದಿದ್ದು. ಡಿಜಿಟಲ್ ಫ್ಲುಯೆನ್ಸಿ ಉಳಿದರೆ ಡಿಗ್ರಿ ಉಳಿಯಿತು. ಪೇಪರ್ ಸಣ್ಣದು, ಆದರೆ ಅದಿಲ್ಲದೆ ಪಟ್ಟಿ ಪೂರ್ತಿಯಾಗುವುದಿಲ್ಲ. ಜೊತೆಗೆ ನಿಮ್ಮ ಬ್ಯಾಚೇ ಕೊನೆಯದು. ಆ ಪೇಪರನ್ನು ಇನ್ನು ಯಾರೂ ಹೊಸದಾಗಿ ಓದುವುದಿಲ್ಲ. ಹಳೆಯ ಯೋಜನೆಯ ಪೇಪರಿಗೆ ಕೆಲವು ಸಲವಷ್ಟೇ ಪರೀಕ್ಷೆ ನಡೆಸುತ್ತಾರೆ, ಆಮೇಲೆ ಸಮಾನ ಪೇಪರ್, ವಿಶೇಷ ಅನುಮತಿ ಅಂತ ಓಡಾಟ ಶುರು. ಹೊಳೆನರಸೀಪುರದವರ ಪತ್ರ ಮೇಲೆ ಇದೆಯಲ್ಲ, ಓದಿಕೊಳ್ಳಿ. ವಿಶ್ವವಿದ್ಯಾಲಯದ ಪರೀಕ್ಷಾ ಕೆಲಸ ನಡೆಯುವ ಯುಯುಸಿಎಂಎಸ್ ಪೋರ್ಟಲ್ ತೆರೆದು ಈ ಸಲದ ಪರೀಕ್ಷಾ ಶುಲ್ಕ ಕಟ್ಟಿಬಿಡಿ. ಆಂತರಿಕ ಅಂಕ ಅದರಲ್ಲಿ ಏರಿದೆಯಾ ಅಂತಲೂ ನೋಡಿ. ಏರಿಲ್ಲದಿದ್ದರೆ ಆ ಲೆಕ್ಚರರ್ ಬೇರೆ ಕಡೆಗೆ ಹೋಗುವ ಮೊದಲೇ ಹಿಡಿಯಿರಿ. ನಿಮ್ಮ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರೇ ಜಾಸ್ತಿ ಅಂದಿದ್ದೀರಿ.

ಪ್ರಶ್ನೆ: ಮಗ ಅಮೆರಿಕಕ್ಕೆ ಕಂಪ್ಯೂಟರ್ ಓದಲು ಹೋದ. ಎರಡು ವರ್ಷ ಆದ ಮೇಲೆ ಕಷ್ಟ ಅಂತ ‘ಜನರಲ್ ಸ್ಟಡೀಸ್’ಗೆ ಬದಲಾಯಿಸಿದ್ದಾನೆ. ‘ಇದರಲ್ಲಿ ಬೇಗ ಮುಗಿಯುತ್ತೆ ಅಮ್ಮಾ’ ಅನ್ನುತ್ತಾನೆ. ಸೆಮಿಸ್ಟರಿಗೆ 12 ಕ್ರೆಡಿಟ್ ತೆಗೆದುಕೊಳ್ಳುತ್ತಾನಂತೆ. ಇದು ನಿಜವಾದ ಡಿಗ್ರಿಯೇ? ಕೆಲಸ ಸಿಗುತ್ತದೆಯೇ? ನೆಂಟರಿಗೆ ಏನು ಹೇಳಲಿ?
— ತಾಯಿ, ಮೈಸೂರು

ಉತ್ತರ: ನೆಂಟರಿಗೆ ಏನೂ ಹೇಳಬೇಡಿ. ಮಗನಿಗೆ ಮಾತ್ರ ಒಂದು ಲೆಕ್ಕ ಕೇಳಿ.

ಡಿಗ್ರಿ ನಿಜವಾದದ್ದೇ. ಅಲ್ಲಿ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಇದು ಇದೆ. ಬೇರೆ ಕಾಲೇಜಿನ ಕ್ರೆಡಿಟ್, ನಡುವೆ ಬಿಟ್ಟ ಓದು, ಬದಲಾಯಿಸಿದ ಮೇಜರ್ ಎಲ್ಲವನ್ನೂ ಒಟ್ಟುಗೂಡಿಸಿ ಪದವಿ ಮಾಡಿಕೊಡುವ ದಾರಿ ಅದು. ಸಾಮಾನ್ಯವಾಗಿ 120 ಕ್ರೆಡಿಟ್, ಸರಾಸರಿ ಗ್ರೇಡ್ 4ಕ್ಕೆ ಕನಿಷ್ಠ 2 ಬೇಕು. ಅವನು ಸೆಮಿಸ್ಟರಿಗೆ 12 ತೆಗೆದುಕೊಂಡರೆ ವಿದ್ಯಾರ್ಥಿ ವೀಸಾಕ್ಕೆ ಸಾಕು. ಆದರೆ ಎಂಟು ಸೆಮಿಸ್ಟರಿಗೆ 96 ಅಷ್ಟೇ ಆಗುತ್ತದೆ. ಉಳಿದ 24ಕ್ಕೆ ಇನ್ನೊಂದು ವರ್ಷದ ಫೀಸು ನೀವು ಕಟ್ಟಬೇಕು. ನಾಲ್ಕು ವರ್ಷದಲ್ಲಿ ಮುಗಿಯಬೇಕಾದರೆ ಸೆಮಿಸ್ಟರಿಗೆ 15 ಬೇಕು. ‘ಬೇಗ ಮುಗಿಯುತ್ತೆ’ ಅನ್ನುವ ಮಾತಿಗೂ ಈ 12ಕ್ಕೂ ತಾಳೆ ಆಗುತ್ತಿಲ್ಲ.

120 ಆದರೂ ಸಾಲದು. ಅದರಲ್ಲಿ ಇಷ್ಟು ಪಾಲು ಮೇಲಿನ ಹಂತದ, ಅಂದರೆ ಮೂರನೇ ನಾಲ್ಕನೇ ವರ್ಷದ ಕೋರ್ಸುಗಳೇ ಆಗಿರಬೇಕು ಅಂತ ಇರುತ್ತದೆ. ಇಷ್ಟು ಕ್ರೆಡಿಟ್ ಅದೇ ಸಂಸ್ಥೆಯಲ್ಲೇ ಓದಿರಬೇಕು ಅಂತಲೂ ಇರುತ್ತದೆ. ಬರವಣಿಗೆ, ಗಣಿತ, ವಿಜ್ಞಾನ, ಮಾನವಿಕ ವಿಷಯಗಳ ಕಡ್ಡಾಯ ಪಾಲು ಬೇರೆ. ಸುಲಭದ ಮೊದಲ ವರ್ಷದ ಕೋರ್ಸುಗಳನ್ನೇ ಕೂಡಿಹಾಕಿಕೊಂಡು 120 ಮುಟ್ಟಿಸಿದವರಿಗೆ ಪದವಿ ಕೊಡುವುದಿಲ್ಲ. ಅಲ್ಲಿನ ಕಾಲೇಜುಗಳಲ್ಲಿ ‘ಡಿಗ್ರಿ ಆಡಿಟ್’ ಅಂತ ಒಂದು ಪಟ್ಟಿ ಆನ್‌ಲೈನಿನಲ್ಲಿ ಸಿಗುತ್ತದೆ. ಏನು ಆಗಿದೆ, ಏನು ಬಾಕಿ ಅಂತ ಸಾಲುಸಾಲಾಗಿ ತೋರಿಸುತ್ತದೆ. ಅದನ್ನು ಇಳಿಸಿ ನಿಮಗೆ ವಾಟ್ಸಾಪ್ ಮಾಡಲು ಹೇಳಿ. ಕಳಿಸಲು ಹಿಂದೆ ಮುಂದೆ ನೋಡಿದರೆ ಅಲ್ಲಿಯೇ ನಿಮಗೆ ಅರ್ಧ ಉತ್ತರ ಸಿಕ್ಕಿತು.

ಕೆಲಸದ ವಿಚಾರ ಸ್ವಲ್ಪ ಕಷ್ಟ. ಅವನು ವಿದ್ಯಾರ್ಥಿ ವೀಸಾದಲ್ಲಿದ್ದರೆ ಓದಿದ ಮೇಲೆ ಕೆಲಸ ಮಾಡಲು 12 ತಿಂಗಳ ಒಪಿಟಿ ಅನ್ನುವ ಅನುಮತಿ ಸಿಗುತ್ತದೆ, ಕೆಲಸ ಓದಿದ ವಿಷಯಕ್ಕೆ ಸಂಬಂಧಪಟ್ಟಿರಬೇಕು. ಕಂಪ್ಯೂಟರ್ ಓದಿದವರಿಗೆ ಇನ್ನೂ 24 ತಿಂಗಳು ಹೆಚ್ಚು ಸಿಗುತ್ತದೆ. ಜನರಲ್ ಸ್ಟಡೀಸ್‌ಗೆ ಆ ಹೆಚ್ಚಿನ ಅವಧಿ ಇಲ್ಲ. ಎಚ್-1ಬಿ ವೀಸಾಕ್ಕೂ ಕೆಲಸಕ್ಕೂ ಓದಿಗೂ ನೇರ ನಂಟು ತೋರಿಸಬೇಕು, ಎಲ್ಲಾ ವಿಷಯ ಸ್ವಲ್ಪ ಸ್ವಲ್ಪ ಓದಿದವರಿಗೆ ಅದು ಕಷ್ಟ. ಕಂಪ್ಯೂಟರಿನಲ್ಲಿ ಅವನಿಗೆ ಎಷ್ಟು ಕೋರ್ಸ್ ಉಳಿದಿತ್ತು ಅಂತ ಕೇಳಿ. ನಾಲ್ಕೈದು ಅಂದರೆ ಅಲ್ಲಿನ ಸಲಹೆಗಾರರ ಹತ್ತಿರ ಮತ್ತೆ ಕೂತು ಮಾತಾಡಲಿ. ಊರಿಗೆ ವಾಪಸ್ ಬರುವವನಾದರೆ ಸಮಾನತೆಯ ಪ್ರಮಾಣಪತ್ರ ಬೇಕಾಗಬಹುದು. ಮೊದಲು ಎಐಯು (ಭಾರತೀಯ ವಿಶ್ವವಿದ್ಯಾಲಯಗಳ ಸಂಘ) ಅದನ್ನು ಕೊಡುತ್ತಿತ್ತು, ಯುಜಿಸಿ 2025ರಲ್ಲಿ ತನ್ನದೇ ನಿಯಮ ತಂದಿದೆ.

ಇನ್ನೊಂದು. ಹೆಸರು ಒಂದೇ ಆದರೂ ಒಳಗೆ ಬೇರೆ ಇರಬಹುದು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1947ರಿಂದ ‘ಸ್ಕೂಲ್ ಆಫ್ ಜನರಲ್ ಸ್ಟಡೀಸ್’ ಇದೆ. ಓದು ಬಿಟ್ಟು ಮತ್ತೆ ಬಂದವರಿಗೆ, ಸೈನ್ಯದಿಂದ ಬಂದವರಿಗೆ ಅಂತಲೇ ಮಾಡಿದ್ದು. ಅಲ್ಲಿ ಸಿಗುವುದು ಒಂದು ಮೇಜರ್ ಇರುವ ಕೊಲಂಬಿಯಾದ ಬಿಎ. ನಿಮ್ಮ ಮಗನ ಸಂಸ್ಥೆಯಲ್ಲಿ ಯಾವ ಥರ ಅಂತ ಕೇಳಿ ತಿಳಿದುಕೊಳ್ಳಿ, ಆಮೇಲೆ ಬೇಜಾರು ಮಾಡಿಕೊಳ್ಳುವುದೋ ಬೇಡವೋ ನೋಡೋಣ.

ಪ್ರಶ್ನೆ: ನನಗೆ 68 ವರ್ಷ. ಬ್ಯಾಂಕಿನಿಂದ ನಿವೃತ್ತನಾಗಿ ಆಸೆಗೆ ಬಿಎ ಸೇರಿದ್ದೇನೆ. ಇತಿಹಾಸ ಓದೋಣ ಅಂದರೆ ಪರಿಸರ ಅಧ್ಯಯನದ ಪೇಪರ್ ಕೊಟ್ಟಿದ್ದಾರೆ. ಈ ವಯಸ್ಸಿಗೆ ವಿನಾಯಿತಿ ಇಲ್ಲವೇ?
— ಹಿರಿಯ ಓದುಗರು, ಧಾರವಾಡ

ಉತ್ತರ: ಇಲ್ಲ ಸರ್. ಸೇರಲು ವಯಸ್ಸಿನ ಮಿತಿ ಹಾಕಲಿಲ್ಲ, ಪೇಪರಿಗೂ ಹಾಕುವುದಿಲ್ಲ. ಇದರ ಹಿಂದೆ ಸುಪ್ರೀಂ ಕೋರ್ಟ್ ಇದೆ. ಎಂ.ಸಿ. ಮೆಹ್ತಾ ಅನ್ನುವ ವಕೀಲರು ಹಾಕಿದ ಅರ್ಜಿಯ ಮೇಲೆ 1991ರಲ್ಲಿ ಕೋರ್ಟು, ಶಾಲೆ ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯವಾಗಿ ಕಲಿಸಿ ಅಂತ ನಿರ್ದೇಶನ ಕೊಟ್ಟಿತು. ಹತ್ತು ಹನ್ನೆರಡು ವರ್ಷ ಅದು ಸರಿಯಾಗಿ ಜಾರಿಯಾಗಲಿಲ್ಲ, ಕೋರ್ಟು ಮತ್ತೆ ಕೇಳಿತು, ಆಮೇಲೆ ಯುಜಿಸಿ ಎಲ್ಲಾ ಪದವಿಗಳಿಗೂ ಆರು ತಿಂಗಳ ಪಠ್ಯ ಸಿದ್ಧಪಡಿಸಿತು. ನಿಮ್ಮ ಕೈಯಲ್ಲಿರುವ ಪುಸ್ತಕ ಅದರ ವಂಶದ್ದೇ.

ಇತಿಹಾಸದ ಆಸೆ ಇರುವವರು ಅದರಲ್ಲಿ ಚಳವಳಿಗಳ ಅಧ್ಯಾಯದಿಂದ ಶುರು ಮಾಡಿದರೆ ಓದು ಸಾಗುತ್ತದೆ. ಚಿಪ್ಕೊ ಬರುತ್ತದೆ. 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಶುರುವಾದ ನಮ್ಮ ಅಪ್ಪಿಕೋ ನಿಮಗೆ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತಿರುತ್ತದೆ, ಪೇಪರಿನಲ್ಲಿ ಓದಿದ ನೆನಪು ಇದ್ದೇ ಇರುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ನಿಮ್ಮ ಅಧ್ಯಯನ ಕೇಂದ್ರದಲ್ಲಿ ಕೇಳಿ, ಒಂದೇ ಥರದ ಪ್ರಶ್ನೆಗಳು ತಿರುಗಿ ಬರುತ್ತಿರುತ್ತವೆ. ಮತ್ತೆ, ಈ ಪೇಪರನ್ನು ಕೊನೆಯ ವರ್ಷಕ್ಕೆ ಇಟ್ಟುಕೊಳ್ಳಬೇಡಿ. ಈ ಸಲವೇ ಬರೆದು ಮುಗಿಸಿ, ಇತಿಹಾಸ ಆಮೇಲೆ ನಿಧಾನಕ್ಕೆ ಓದಿ.